ಗಿಣಿಯನ್ನು ಬರೆದ ಮಹಾಶಯ

ಹನ್ನೊಂದು ವರ್ಷದ ಹಿಂದೆ ಒಂದೇ ಒಂದು ಕತೆ ಬರೆದು, ಅದು ವಾರಪತ್ರಿಕೆಯೊಂದರಲ್ಲಿ ಅಚ್ಚಾಗಿ, ಅಂದಿನಿಂದ ಕತೆಗಾರರೆಂದೇ ಕರೆಸಿಕೊಳ್ಳುತ್ತಿದ್ದ ಗುಮಾಸ್ತರೊಬ್ಬರ ಶನಿವಾರ ಹಾಳಾದದ್ದು ಒಂದು ಗಿಣಿಯಿಂದ. ಗಿಣಿಯೇನೂ ನಿಜವಾದದ್ದಲ್ಲ. ರೇಡಿಯೋ ನಾಟಕದಲ್ಲಿ, ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷ ಇದೆ ಎನ್ನುವಾಗ, ಪೆಟ್ಟಿಗೆಯೊಳಗಿಂದ ಕೂಗಿಕೊಂಡ ಗಿಣಿ.

ಕತೆಗಾರರ ಕೆಲಸ ಬಸ್ ನಿಲ್ದಾಣದ ಹಿಂಬದಿಯಲ್ಲಿ, ಕಳೆದುಹೋದ ಸಾಮಾನಿನ ಕೋಣೆಯಲ್ಲಿ. ಜನ ಬಸ್ಸಿನಲ್ಲಿ ಮರೆತು ಇಳಿದುಹೋಗುವ ಕೊಡೆ, ಊಟದ ಡಬ್ಬಿ, ಕನ್ನಡಕ, ಒಂಟಿ ಚಪ್ಪಲಿ, ಒಮ್ಮೆ ಒಂದು ಹಲ್ಲಿನ ಸೆಟ್ಟು, ಇವಕ್ಕೆಲ್ಲ ಚೀಟಿ ಅಂಟಿಸಿ ಕಪಾಟಿನಲ್ಲಿಡುವುದು, ಯಾರಾದರೂ ಬಂದು ಕೇಳಿದರೆ ಅವರದೇ ಹೌದೋ ಅಲ್ಲವೋ ಎಂದು ಗೋಳು ಹೊಯ್ದುಕೊಂಡು ಆಮೇಲೆ ಕೊಡುವುದು. ಕೊಡೆಗಳೇ ಇನ್ನೂರರ ಹತ್ತಿರ ಇದ್ದವು. ಒದ್ದೆ ಬಟ್ಟೆಯ ವಾಸನೆ ಅವರ ಅಂಗಿಗೂ ಅಂಟಿಕೊಂಡು, ಮನೆಗೆ ಬಂದರೆ ಅವರಿಗಿಂತ ಮೊದಲು ಅದೇ ಒಳಗೆ ಬರುತ್ತಿತ್ತು.

ಅವರ ಕತೆ ಅಂಥದೇ ಕೋಣೆಯದು, ಅಂಥವನೇ ಒಬ್ಬ ಗುಮಾಸ್ತನದು. ಯಾರೋ ಬಿಟ್ಟುಹೋದ ಹದಿನೇಳನೇ ನಂಬರಿನ ಪೆಟ್ಟಿಗೆಯೊಳಗೆ ಏನೋ ಸದ್ದು. ತೆರೆಯೋಣ ಎಂದರೆ ನಿಯಮವಿಲ್ಲ. ಐದು ದಿನ ಗುಮಾಸ್ತ ಆ ಸದ್ದು ಕೇಳುತ್ತ ಕೂತಿರುತ್ತಾನೆ. ಆರನೇ ದಿನ ಪೆಟ್ಟಿಗೆಯವನು ಬರುತ್ತಾನೆ. "ಒಳಗೇನಿದೆ?" ಎಂದು ಗುಮಾಸ್ತ ಕೇಳಿದರೆ, "ಐದು ದಿನ ಕೇಳಿಸಿಕೊಂಡವರು ನೀವು, ನೀವೇ ಹೇಳಿ" ಎಂದು ರಿಜಿಸ್ಟರಿಗೆ ಸಹಿ ಹಾಕಿ ಪೆಟ್ಟಿಗೆ ಹೊತ್ತುಕೊಂಡು ಹೋಗಿಬಿಡುತ್ತಾನೆ. ಅಲ್ಲಿಗೆ ಕತೆ ಮುಗಿಯಿತು. ಓದಿದವರೆಲ್ಲ ಮೈ ಜುಮ್ಮೆಂದಿತು ಎಂದರು. ಪತ್ರಿಕೆಗೆ ಎಂಟು ವಾರ ಪತ್ರಗಳು ಬಂದವು.

ಆ ಎರಡು ಹಾಳೆಗಳಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಕತೆಗಾರರು ಕೊಡೆಗಳ ಮೇಲಿನ ಗೋಡೆಗೆ ತೂಗುಹಾಕಿದ್ದರು. ಕಳೆದ ಡಬ್ಬಿ ಕೇಳಿಕೊಂಡು ಬಂದವರು ಅದನ್ನು ಓದಿ ಮುಗಿಸಿದ ಮೇಲೆಯೇ ಡಬ್ಬಿ ಸಿಗುತ್ತಿತ್ತು. ಎರಡನೇ ಕತೆ ಯಾಕೆ ಬರೆಯಲಿಲ್ಲ ಎಂದು ಯಾರಾದರೂ ಕೇಳಿದರೆ, "ಜನ ಮೊದಲು ಇದನ್ನು ಅರಗಿಸಿಕೊಳ್ಳಲಿ" ಎನ್ನುತ್ತಿದ್ದರು. ಬೇರೆಯವರು ಬರೆದದ್ದು ಏನೇ ಇರಲಿ, ಅದಕ್ಕೆ ಮೂಗು ಮುರಿಯುವುದು ಈ ಒಂದು ಕತೆಯಿಂದ ಅವರಿಗೆ ಸಿಕ್ಕ ಹಕ್ಕಾಗಿತ್ತು.

ಈಗ ಆ ಕತೆಯನ್ನು ರೇಡಿಯೋದವರು ನಾಟಕ ಮಾಡಿದ್ದರು. ಅದಕ್ಕಿಂತ ದೊಡ್ಡ ಮಾತೆಂದರೆ, ಬಸ್ ನಿಗಮದ ತಿಂಗಳ ಪತ್ರಿಕೆಗೆ ಸಂಪಾದಕರು ಬೇಕಾಗಿದ್ದರು. ಹೆಡ್ ಆಫೀಸಿನ ಎರಡನೇ ಮಹಡಿಯಲ್ಲಿ ಕಿಟಕಿಯ ಪಕ್ಕದ ಮೇಜು, ಕೈ ಇರುವ ಕುರ್ಚಿ, ಕೊಡೆಗಳಿಲ್ಲದ ಕೋಣೆ. "ನಾಟಕ ಕೇಳಿ ಆಮೇಲೆ ನಿಮ್ಮ ಹೆಸರು ಬರೀತೀನಿ," ಎಂದು ಡಿಪೋ ಮ್ಯಾನೇಜರ್ ಹೇಳಿದ್ದರು. "ಸಂಜೆ ಐದಕ್ಕೆ ಪಟ್ಟಿ ಹೋಗತ್ತೆ."

ಹೀಗಾಗಿ ಶನಿವಾರ ಒಂಬತ್ತೂವರೆಗೆ ಕತೆಗಾರರು ಕೋಣೆಯ ರೇಡಿಯೋ ಮುಂದೆ, ಪ್ಲಾಸ್ಟಿಕ್ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು, ಪೆನ್ಸಿಲ್ ಚೂಪು ಮಾಡಿಕೊಂಡು, ಸಾಲು ಸಾಲೂ ಹೋಲಿಸಿ ನೋಡಲು ತಯಾರಾಗಿ ಕೂತರು. ಅವರ ಹೆಸರನ್ನು ರೇಡಿಯೋದವಳು ತಪ್ಪಿಲ್ಲದೆ ಹೇಳಿದಳು. ಪಕ್ಕದಲ್ಲಿ ಕೂತಿದ್ದ ವಿಚಾರಣೆ ಕೌಂಟರಿನ ಗುಮಾಸ್ತ ಚಪ್ಪಾಳೆ ತಟ್ಟಿದ. ಈತ ಯಾವ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದವರಿಗೆ "ಬರತ್ತೆ, ಇರಿ" ಎಂದು ಹೇಳಿಯೇ ಇಪ್ಪತ್ತು ವರ್ಷ ಕಳೆದವನು. ಎಲ್ಲರೂ ಅವನನ್ನು 'ವಿಚಾರಣೆ' ಎಂದೇ ಕರೆಯುತ್ತಿದ್ದರು.

ಬಸ್ಸುಗಳ ಹೆಸರು ಕೂಗುವ ಹೆಂಗಸಿಗೆ ನಿಲ್ದಾಣದಲ್ಲಿ ಮೈಕಮ್ಮ ಎಂದು ಹೆಸರು. ಆಕೆ ಅಭಿಮಾನಕ್ಕೋ ಉಪಕಾರಕ್ಕೋ ತನ್ನ ರೇಡಿಯೋವನ್ನು ಮೈಕಿನ ಮುಂದೆ ಇಟ್ಟುಬಿಟ್ಟಳು. ನಾಟಕ ಇಡೀ ನಿಲ್ದಾಣಕ್ಕೆ ಕೇಳಿಸತೊಡಗಿತು. ಟಿಕೆಟ್ ಸಾಲಿನವರು ಸುಮ್ಮನಾದರು. ಹೊರಟಿದ್ದ ಎರಡು ಬಸ್ಸುಗಳು ಎಂಜಿನ್ ಆರಿಸಿದವು.

ಮೊದಲ ಸದ್ದೇ ಗುಡುಗು. ಕತೆಗಾರರು ಹಾಳೆ ನೋಡಿದರು. ಅಚ್ಚಾದ ಕತೆಯಲ್ಲಿ ಬಿರುಬಿಸಿಲು. 'ತಪ್ಪು ಒಂದು' ಎಂದು ಗುರುತು ಹಾಕಿದರು. ಗುಮಾಸ್ತನಿಗೆ ಕೆಮ್ಮುವ ತಾಯಿಯೊಬ್ಬಳು ಹುಟ್ಟಿಕೊಂಡಳು. ತಪ್ಪು ಎರಡು. ಗುಮಾಸ್ತ ಪೆಟ್ಟಿಗೆಯನ್ನು ನೋಡುತ್ತ ಒಂದು ಹಾಡು ಹೇಳಿದ, ಅದೂ ಮೂರು ಚರಣ. ತಪ್ಪು ಐದು. ಪೊಲೀಸ್ ಇನ್ಸ್‌ಪೆಕ್ಟರೊಬ್ಬ ಬಂದು ಪ್ರಾಮಾಣಿಕತೆಯ ಬಗ್ಗೆ ನಾಲ್ಕು ನಿಮಿಷ ಭಾಷಣ ಬಿಗಿದ. ತಪ್ಪು ಒಂಬತ್ತು. ಕತೆಗಾರರ ಪೆನ್ಸಿಲಿನ ಮೊನೆ ಮುರಿಯಿತು.

"ಚೆನ್ನಾಗಿದೆ ರೀ," ಎಂದ ವಿಚಾರಣೆ, "ಆ ತಾಯಿ ಕೆಮ್ಮು ಕೇಳಿ ನನಗೆ ಕರುಳು ಚುರ್ ಅಂತು."

"ಆ ಕೆಮ್ಮು ನನ್ನದಲ್ಲ!" ಎಂದರು ಕತೆಗಾರರು ಹಲ್ಲು ಕಡಿದು. "ಇವರಿಗೆ ಕತೆ ಅಂದ್ರೆ ಏನು ಗೊತ್ತು? ನಾನು ಕೊಟ್ಟಿದ್ದು ಅಪರಂಜಿ, ಇವರು ಮಾಡಿರೋದು ತಗಡು."

ಕೊನೆಗೆ ಪೆಟ್ಟಿಗೆಯವನು ಬಂದ. 'ನೀವೇ ಹೇಳಿ' ಎಂಬ ಮಾತಿಗಾಗಿ ಕತೆಗಾರರು ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಕಾದರು. ಪೆಟ್ಟಿಗೆಯವನು ಅದರ ಬದಲು 'ಹ್ಹ ಹ್ಹ ಹ್ಹಾ' ಎಂದು ನಕ್ಕ. ಆ ಹೊತ್ತಿಗೆ ಮೈಕಮ್ಮನಿಗೆ ತನ್ನ ಕೆಲಸ ನೆನಪಾಗಿ, "ಪ್ರಯಾಣಿಕರ ಗಮನಕ್ಕೆ, ನಾಲ್ಕನೇ ಅಂಕಣದಲ್ಲಿ ನಿಂತಿರುವ ಬಸ್ಸು..." ಎಂದು ನಡುವೆ ಬಾಯಿ ಹಾಕಿದಳು. "ಏಯ್, ಸುಮ್ನಿರಮ್ಮ!" ಎಂದು ಇನ್ನೂರು ಜನ ಒಟ್ಟಿಗೆ ಕೂಗಿದರು. ಪೆಟ್ಟಿಗೆ ಕಿರ್ರೆಂದು ತೆರೆಯಿತು. ಒಳಗಿಂದ ಗಿಣಿಯೊಂದು ಹೇಳಿತು: "ಕೊಲೆಗಾರ ಡ್ರೈವರ್! ಕೊಲೆಗಾರ ಡ್ರೈವರ್!"

ನಿಲ್ದಾಣದಲ್ಲಿ ಆಗ ನಲವತ್ತು ಜನ ಡ್ರೈವರುಗಳಿದ್ದರು.

ಐದೇ ನಿಮಿಷದಲ್ಲಿ ಕಳೆದುಹೋದ ಸಾಮಾನಿನ ಕೋಣೆಯ ಮುಂದೆ ಜನ ಜಮಾಯಿಸಿದರು. ಪ್ರಯಾಣಿಕರು ಒಂದು ಕಡೆ, "ಗಿಣಿ ಇಲ್ಲೇ ಇದ್ಯಾ? ಸ್ವಲ್ಪ ತೋರ್ಸಿ" ಎನ್ನುತ್ತ. ಡ್ರೈವರುಗಳು ಇನ್ನೊಂದು ಕಡೆ, ಗಿಣಿಗಿಂತ ಕತೆಗಾರರನ್ನೇ ನೋಡಬೇಕೆಂದು.

"ಏನ್ಸಾರ್, ಕೊಲೆ ಮಾಡೋಕೆ ನಿಮಗೆ ಡ್ರೈವರೇ ಬೇಕಾಗಿತ್ತಾ?" ಎಂದ ಒಬ್ಬ ದಢೂತಿ ಡ್ರೈವರು. "ಕಂಡಕ್ಟರ್ ಆಗ್ತಿರ್ಲಿಲ್ವಾ?"

"ಮಾತು ನೋಡ್ಕೊಂಡು ಆಡಪ್ಪಾ," ಎಂದ ಹಿಂದೆ ನಿಂತಿದ್ದ ಕಂಡಕ್ಟರು.

"ಸ್ವಾಮಿ, ನನ್ನ ಕತೇಲಿ ಕೊಲೆಯೇ ಇಲ್ಲ!" ಎಂದು ಕತೆಗಾರರು ಪ್ಲಾಸ್ಟಿಕ್ ಹಾಳೆಗಳನ್ನು ಎತ್ತಿ ತೋರಿಸಿದರು. ಓದುವ ವ್ಯವಧಾನ ಯಾರಿಗಿತ್ತು? ಇಷ್ಟು ವರ್ಷ ಓದಿ ಓದಿ ಎಂದು ಪೀಡಿಸಿದವರಿಗೆ ಬೇಕಾದ ಹೊತ್ತಿನಲ್ಲಿ ಒಬ್ಬ ಓದುಗನೂ ಸಿಗಲಿಲ್ಲ.

ಮ್ಯಾನೇಜರ್ ಒಳಗೆ ಕರೆಸಿದರು. "ಏನ್ರೀ ಇದು ಗಿಣಿ?"

"ಗಿಣಿ ನನ್ನದಲ್ಲ ಸಾರ್."

"ನಿಮ್ಮ ಹೆಸರೇ ಹೇಳಿದ್ರಲ್ಲ."

"ಕತೆ ನನ್ನದು ಸಾರ್, ಗಿಣಿ ರೇಡಿಯೋದವರದ್ದು. ನೋಡಿ, ಅಚ್ಚಾದ ಕತೆ ಇಲ್ಲಿದೆ. ಗಿಣಿಯ ಒಂದು ಗರಿ ಕೂಡ ಇಲ್ಲ."

"ಡ್ರೈವರ್‌ಗಳಿಗೆ ನಾನು ಇದನ್ನ ಓದಿ ಹೇಳ್ತಾ ಕೂರ್ಲಾ?" ಮ್ಯಾನೇಜರ್ ಹಾಳೆಗಳನ್ನು ಪಕ್ಕಕ್ಕೆ ಸರಿಸಿದರು. "ನೀವು ಸಂಪಾದಕರಾದ್ರೆ ನಿಗಮದ ಪತ್ರಿಕೇನ ಬಸ್ಸಿಗೆ ಹತ್ತಿಸ್ಕೊಳಲ್ಲ ಅಂತಿದ್ದಾರೆ ಅವರು. ಗಿಣಿ ನಿಮ್ಮದಲ್ಲ ಅಂತ ರೇಡಿಯೋದವರಿಂದ ಬರೆಸ್ಕೊಂಡು, ಸೀಲು ಹಾಕಿಸ್ಕೊಂಡು ಬನ್ನಿ. ಐದರೊಳಗೆ ತಂದ್ರೆ ನಿಮ್ಮ ಹೆಸರು. ಇಲ್ದಿದ್ರೆ ಬೇರೆಯವರನ್ನ ನೋಡ್ತೀನಿ."

"ಬರೆಸ್ಕೊಂಡು ಬರೋದೇನು ಸಾರ್, ಆ ಗಿಣಿ ಬರೆದ ಮಹಾಶಯ ಯಾರು ಅಂತ ಊರಿಗೆಲ್ಲ ಹೇಳಿಸ್ತೀನಿ," ಎಂದು ಕತೆಗಾರರು ಅರ್ಧ ದಿನ ರಜೆ ಬರೆದುಕೊಟ್ಟು ಹೊರಬಿದ್ದರು.

ನೇರ ರೇಡಿಯೋ ಕೇಂದ್ರಕ್ಕೆ ಹೋಗುವಂತಿರಲಿಲ್ಲ. ಕತೆಗಾರರ ಅಕ್ಷರ ಇರುವೆಗಳು ಮಸಿಯಲ್ಲಿ ಓಡಾಡಿದ ಹಾಗಿರುತ್ತಿತ್ತು. ಹಾಗಾಗಿ ಅವರು ಹೊರಗೆ ಕಳಿಸುವ ಕಾಗದವನ್ನೆಲ್ಲ ಹೆಂಡತಿಯೇ ಶುದ್ಧವಾಗಿ ಬರೆದುಕೊಡುತ್ತಿದ್ದಳು. ಆಕೆ ಶಾಲೆಯ ಟೀಚರು. ಪರೀಕ್ಷೆ ಆಗಷ್ಟೇ ಮುಗಿದು, ಊಟದ ಮೇಜಿನ ತುಂಬ ಉತ್ತರಪತ್ರಿಕೆ ಹರಡಿಕೊಂಡು ಕೆಂಪು ಪೆನ್ನು ಹಿಡಿದು ಕೂತಿದ್ದಳು. ಪಕ್ಕದ ಕುರ್ಚಿಯಲ್ಲಿ ಎದುರುಮನೆಯ ಟೈಲರು, ಕೊರಳಿಗೆ ಅಳತೆ ಟೇಪು ಹಾಕಿಕೊಂಡು, ಕಣ್ಣು ಒರೆಸಿಕೊಳ್ಳುತ್ತಿದ್ದ.

"ಏನು ಬರೆದಿದೀರಿ ಸಾರ್!" ಎಂದು ಎದ್ದು ನಿಂತ ಟೈಲರು. "ಆ ಗಿಣಿ ಬಾಯಿ ಬಿಟ್ಟಾಗ ನನ್ನ ಕೈಲಿದ್ದ ಕತ್ತರಿ ತಪ್ಪಿ ಗಿರಾಕಿ ಪ್ಯಾಂಟು ಚಡ್ಡಿ ಆಗೋಯ್ತು."

"ಆಗ್ಲಿ ಬಿಡಿ," ಎಂದರು ಕತೆಗಾರರು, "ಆ ಗಿಣಿ ಮೆಚ್ಚೋರಿಗೆ ಹಂಗೇ ಆಗ್ಬೇಕು." ಹೆಂಡತಿಯ ಕಡೆ ತಿರುಗಿ, "ನೀನೂ ಕೇಳಿದ್ಯಾ?"

"ಕೇಳಿದೆ," ಎಂದಳು ಆಕೆ, ಉತ್ತರಪತ್ರಿಕೆಯಿಂದ ಕಣ್ಣೆತ್ತದೆ.

"ಕೇಳಿ ಸುಮ್ನೆ ಕೂತಿದೀಯಲ್ಲ! ಹಾಳೆ ತಗೋ. ನಾನು ಹೇಳ್ತೀನಿ, ಬರಿ. 'ಮಾನ್ಯರೇ, ನನ್ನ ಕತೆಯನ್ನೂ ನಿಮ್ಮ ನಾಟಕವನ್ನೂ ಹೋಲಿಸಿ ನೋಡಲಾಗಿ ಹತ್ತೊಂಬತ್ತು ತಪ್ಪು ಕಂಡಿವೆ.'"

"'ನನ್ನ ಕತೆ' ಬೇಡ, 'ಮೂಲ ಕತೆ' ಅಂತ ಹಾಕ್ತೀನಿ. ಗಂಭೀರವಾಗಿರತ್ತೆ."

"ಹಾಕು. ಗುಡುಗು, ಕೆಮ್ಮು, ಹಾಡು, ಎಲ್ಲ ಬರಿ. ಆಮೇಲೆ ಗಿಣಿ. 'ಐದು ದಿನ ಕಾಳು ನೀರಿಲ್ಲದೆ, ಗಾಳಿಯೂ ಇಲ್ಲದೆ ಪೆಟ್ಟಿಗೆಯಲ್ಲಿ ಬದುಕಿ, ಹೊರಗೆ ಬಂದ ಕೂಡಲೇ ಸಾಕ್ಷಿ ಹೇಳುವ ಗಿಣಿಯನ್ನು ಕಲ್ಪಿಸಿದವರಿಗೆ ಬುದ್ಧಿ ಇಲ್ಲ.'"

ಪೆನ್ನು ನಿಂತಿತು. "ಬುದ್ಧಿ ಇಲ್ಲ ಅಂತಾನೇ ಬರೀಲಾ? ಆಮೇಲೆ ಬೇಜಾರಾದ್ರೆ?"

"ಅವನಿಗೆ ಬೇಜಾರಾಗ್ಲಿ ಅಂತಾನೇ ಬರೆಸ್ತಿರೋದು!"

ಆಕೆ ದುಂಡಗೆ ಬರೆದಳು. ಬರೆದು, ಕೆಳಗೆ ಎರಡು ಗೆರೆ ಎಳೆದಳು. ಹತ್ತೊಂಬತ್ತು ಮುಗಿದ ಮೇಲೂ ಪೆನ್ನು ಕೆಳಗಿಡಲಿಲ್ಲ. "ನಂಗೂ ಕೆಲವು ತೋಚಿದೆ, ಸೇರಿಸ್ಲಾ?"

"ಏನು?"

"ಆ ಗುಮಾಸ್ತ ಐದು ದಿನದಲ್ಲಿ ಒಂದು ಸಲಾನೂ ಪೆಟ್ಟಿಗೆ ಎತ್ತಿ ನೋಡಲ್ಲ. ಅಂಥ ಕೋಣೇಲಿ ಕೆಲಸ ಮಾಡೋರ ಕೈ ಮೊದಲು ಭಾರ ನೋಡತ್ತೆ. ಬರೆದವರಿಗೆ ಸದ್ದು ಗೊತ್ತು, ಮನುಷ್ಯ ಗೊತ್ತಿಲ್ಲ. ಮತ್ತೆ, ಒಳಗೇನಿದೆ ಅನ್ನೋದು ಗೊತ್ತಾಗದೇ ಇರೋದ್ರಲ್ಲೇ ಭಯ ಇರೋದು. ತೆರೆದು ತೋರಿಸಿದ ಮೇಲೆ ಅದು ಪೆಟ್ಟಿಗೆ ಅಷ್ಟೆ. ಬರೆದವರಿಗೆ ಕೇಳೋರ ಮೇಲೆ ನಂಬಿಕೆ ಇಲ್ಲ, ಅದಕ್ಕೇ ಗಿಣಿ ಕೈಲಿ ಹೇಳಿಸಿದ್ದಾರೆ." ಹೀಗೆ ಒಂದರ ಮೇಲೊಂದು ಐದು ಹೇಳಿದಳು. ಇಷ್ಟು ವರ್ಷ ಯಾರಿಗೋ ಹೇಳಬೇಕೆಂದು ಕಾದಿದ್ದವಳ ಹಾಗೆ ಸರಾಗವಾಗಿ ಹೇಳಿದಳು.

"ಹಾಕು, ಹಾಕು. ಅದನ್ನೆಲ್ಲ ನಾನೇ ಹೇಳ್ಬೇಕು ಅಂತಿದ್ದೆ," ಎಂದರು ಕತೆಗಾರರು.

"ಪಾಪ, ಗಿಣಿನ ಬಿಟ್ಬಿಡಿ ಸಾರ್," ಎಂದು ಟೈಲರು ಗೋಗರೆದ. ಅವನನ್ನು ಹೊರಗೆ ಹಾಕಿ, ಪತ್ರ ಮಡಚಿ ಜೇಬಿಗಿಟ್ಟುಕೊಂಡು, ಹೆಂಡತಿ ಬಡಿಸಿಟ್ಟ ಊಟವನ್ನೂ ಮುಟ್ಟದೆ ಕತೆಗಾರರು ಬಸ್ಸು ಹತ್ತಿದರು. ಅವರನ್ನು ಗುರುತು ಹಿಡಿದ ಡ್ರೈವರು ಇಳಿಯಬೇಕಾದ ಕಡೆ ನಿಲ್ಲಿಸದೆ ಒಂದು ಮೈಲಿ ಮುಂದೆ ಇಳಿಸಿದ. ಬಿಸಿಲಲ್ಲಿ ನಡೆದು ರೇಡಿಯೋ ಕೇಂದ್ರ ಮುಟ್ಟುವಾಗ ಮೂರು ಗಂಟೆ. ಬಾಗಿಲಿನ ಪುಸ್ತಕದಲ್ಲಿ 'ಬಂದ ಉದ್ದೇಶ' ಎಂಬ ಕಡೆ 'ಛೀಮಾರಿ' ಎಂದು ಬರೆದರು. ಕಾವಲಿನವನು ಆ ಅಕ್ಷರ ಓದಲಾಗದೆ ಒಳಗೆ ಬಿಟ್ಟ.

ನಾಟಕ ವಿಭಾಗದ ಅಧಿಕಾರಿ ಒಬ್ಬ ಹೆಂಗಸು. ಬೆಳ್ಳಗಾದ ಕೂದಲು, ದಪ್ಪ ಗಾಜಿನ ಕನ್ನಡಕ. ಮೇಜಿನ ಮೇಲೆ ಗುಡುಗು ಮಾಡುವ ತಗಡಿನ ಹಾಳೆ, ಬಾಗಿಲಿಲ್ಲದ ಒಂದು ಚಿಲಕ, ಒಂದು ತಟ್ಟೆ ಜಲ್ಲಿಕಲ್ಲು.

ಕತೆಗಾರರು ಹೆಸರೂ ಹೇಳದೆ, ಕೂರದೆ, ಪತ್ರ ಬಿಡಿಸಿ ಗಟ್ಟಿಯಾಗಿ ಓದಿದರು. ಗುಡುಗಿಗೆ ಆಕೆ ತಲೆಯಾಡಿಸಿದರು. ಕೆಮ್ಮಿಗೆ "ನಿಜ" ಎಂದರು. ಭಾಷಣಕ್ಕೆ "ನಾವೂ ಅದನ್ನೇ ಅಂದ್ಕೊಂಡ್ವಿ" ಎಂದರು. ಗಿಣಿ ಬಂದಾಗ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡು ನಕ್ಕರು. ಪತ್ರ ಮುಗಿಯುವ ಹೊತ್ತಿಗೆ ಕತೆಗಾರರಿಗೆ ಹೊಟ್ಟೆ ತಣ್ಣಗಾಗಿತ್ತು.

"ನೀವು ಹೇಳಿದ ಒಂದೊಂದು ಮಾತೂ ಸರಿ," ಎಂದರು ಅಧಿಕಾರಿ. "ಇಪ್ಪತ್ತಾರು ವರ್ಷದಲ್ಲಿ ನಮಗೆ ಇಂಥ ಪತ್ರ ಬಂದಿಲ್ಲ. ಮೊದಲ ಹತ್ತೊಂಬತ್ತು ಬರೀ ಬೈಗುಳ. ಕೊನೇ ಐದು ಇದೆಯಲ್ಲ, ಅದು ವಿಮರ್ಶೆ."

"ಹಾಗಾದ್ರೆ ಮೇಡಂ, ಆ ಗಿಣಿ ಬರೆದ ಮಹಾಶಯ ಯಾರು ಅಂತ ಒಂದು ಕಾಗದದಲ್ಲಿ ಬರೆದು ಸೀಲು ಹಾಕಿಕೊಡಿ. ಆತನ ಹೆಸರನ್ನ ರೇಡಿಯೋದಲ್ಲೂ ಹೇಳಿ. ನಾಲ್ಕು ಜನಕ್ಕೆ ಗೊತ್ತಾಗ್ಲಿ."

"ಹೆಸರು ಹೇಳಿದ್ವಲ್ಲ, ಶುರುವಿನಲ್ಲೇ."

"ಅದು ಕತೆಗಾರನ ಹೆಸರು. ನಾನು ಕೇಳ್ತಿರೋದು ನಾಟಕಕ್ಕೆ ತಿದ್ದಿದವನ ಹೆಸರು."

"ನಾವು ತಿದ್ದಲ್ಲ ಸಾರ್. ಕತೆಗಾರರು ಕೊಟ್ಟಿದ್ದರಲ್ಲಿ ಒಂದು ಅಕ್ಷರ ಮುಟ್ಟಬಾರದು ಅಂತ ಇಲ್ಲಿನ ನಿಯಮ." ಅಧಿಕಾರಿ ಕಪಾಟಿನಿಂದ ಒಂದು ಫೈಲು ತೆಗೆದರು. "ಆ ಪತ್ರಿಕೆ ಮುಚ್ಚಿ ಎಷ್ಟೋ ವರ್ಷ ಆಯ್ತು, ಪ್ರತಿ ಎಲ್ಲೂ ಸಿಗ್ಲಿಲ್ಲ. ಕತೆ ಬಹಳ ಚೆನ್ನಾಗಿದೆ ಅಂತ ಹಳಬರು ಹೇಳ್ತಿದ್ರು. ಕತೆಗಾರರಿಗೇ ಬರೆದ್ವಿ. ಅಚ್ಚಾದ ಪ್ರತಿ ಒಂದೇ ಇದೆ, ಕೊಡಲ್ಲ ಅಂತ ಅವರು ಕೈಬರಹ ಕಳಿಸಿದ್ರು. ಅಕ್ಷರ ಓದೋಕೆ ನಾಲ್ಕು ಜನ ಎರಡು ವಾರ ಕೂತ್ವಿ. ಓದಿದ ಮೇಲೆ, ಓದೋಕಾಗದೇ ಇದ್ದಿದ್ರೇ ಚೆನ್ನಾಗಿತ್ತು ಅನ್ನಿಸ್ತು."

ಫೈಲು ತೆರೆಯಿತು. ಹಳದಿಯಾದ ಹಾಳೆಗಳ ಮೇಲೆ ಮಸಿಯಲ್ಲಿ ಓಡಾಡಿದ ಇರುವೆಗಳು.

ಕತೆಗಾರರಿಗೆ ಮೂರು ತಿಂಗಳ ಹಿಂದೆ ಟ್ರಂಕಿನ ತಳದಿಂದ ಆ ಕಟ್ಟನ್ನು ತೆಗೆದು, ಕಟ್ಟಿದ ದಾರ ಕೂಡ ಬಿಚ್ಚದೆ, ಎಲ್ಲ ಪ್ರತಿಯೂ ಒಂದೇ ತಾನೇ ಎಂದು ಅಂಚೆಗೆ ಹಾಕಿದ್ದು ನೆನಪಿಗೆ ಬಂತು. ಈಗ ಕೊನೆಯ ಹಾಳೆ ತಿರುವಿದರು. ಅಲ್ಲಿತ್ತು ಗಿಣಿ. ಅವರದೇ ಅಕ್ಷರದಲ್ಲಿ, ಎರಡು ಆಶ್ಚರ್ಯಸೂಚಕ ಚಿಹ್ನೆಯೊಂದಿಗೆ ಕೂಗುತ್ತಿತ್ತು. ಆ ಗಿಣಿಯನ್ನು ಬರೆದ ಮಧ್ಯಾಹ್ನ ತಮಗೇ ಕಣ್ಣಲ್ಲಿ ನೀರು ಬಂದದ್ದು, ಇದಕ್ಕಿಂತ ದೊಡ್ಡ ಮುಕ್ತಾಯವನ್ನು ಯಾರೂ ಬರೆಯಲಾರರು ಎಂದುಕೊಂಡದ್ದು, ಎಲ್ಲ ಒಂದೊಂದಾಗಿ ನೆನಪಾಯಿತು. ಗುಡುಗೂ ಅವರದೇ. ಕೆಮ್ಮೂ ಅವರದೇ. ಹನ್ನೊಂದು ವರ್ಷ ಗೋಡೆಯ ಮೇಲಿನ ಹಾಳೆಗಳನ್ನು ಓದಿ ಓದಿ, ತಾವು ಬರೆದದ್ದು ಅದೇ ಎಂದು ನಂಬಿಬಿಟ್ಟಿದ್ದರು. ಹಾಗಾದರೆ ಗೋಡೆಯ ಮೇಲಿದ್ದದ್ದು ಯಾರದು? ನಡುವೆ ಆ ಕತೆ ಹಾದುಹೋದದ್ದು ಒಂದೇ ಒಂದು ಕೈಯಿಂದ. ಅದನ್ನು ಯೋಚಿಸುವ ಧೈರ್ಯ ಆಗ ಅವರಿಗೆ ಬರಲಿಲ್ಲ.

"ಅಂದ ಹಾಗೆ," ಎಂದರು ಅಧಿಕಾರಿ, "ತಾವು ಯಾರು ಅಂತ ಗೊತ್ತಾಗ್ಲಿಲ್ಲ. ಪತ್ರದಲ್ಲಿ ಸಹಿ ಇಲ್ಲ."

ಹೆಸರು ಹೇಳಿದರೆ, ತಮಗೇ ಬುದ್ಧಿ ಇಲ್ಲವೆಂದು ಎರಡು ಗೆರೆ ಎಳೆಸಿ, ಬಿಸಿಲಲ್ಲಿ ಒಂದು ಮೈಲಿ ನಡೆದು ಬಂದು, ಗಟ್ಟಿಯಾಗಿ ಓದಿ ಹೇಳಿದ ಮನುಷ್ಯ ಪ್ರಪಂಚದಲ್ಲಿ ಅವರೊಬ್ಬರೇ ಆಗುತ್ತಿದ್ದರು. ಹೇಳದೆ ಹೋಗೋಣವೆಂದರೆ ಬಾಗಿಲಿನ ಪುಸ್ತಕದಲ್ಲಿ ಹೆಸರು ಬರೆದಾಗಿತ್ತು, ಆ ಅಕ್ಷರ ಓದಬಲ್ಲ ನಾಲ್ಕು ಜನ ಇಲ್ಲೇ ಇದ್ದರು. ಕತೆಗಾರರು ಪತ್ರವನ್ನು ಅಧಿಕಾರಿಯ ಕಡೆ ತಿರುಗಿಸಿಟ್ಟರು.

"ನಾನೇ... ಆ ಕತೆಗಾರ. ಈ ಪತ್ರ ನನ್ನದಲ್ಲ ಮೇಡಂ. ನನ್ನ ಹೆಂಡತಿ ಬರೆದಿದ್ದು. ಅಕ್ಷರ ನೋಡಿ, ನನ್ನದಾ? ಅವಳು ಹೇಳಿದ್ದನ್ನ ನಿಮಗೆ ಮುಟ್ಟಿಸೋಣ ಅಂತ ಬಂದೆ ಅಷ್ಟೆ. ನಾನು ಟೀಕೆ ಸ್ವೀಕರಿಸೋ ಮನುಷ್ಯ."

ಅಧಿಕಾರಿ ಕುರ್ಚಿಯಿಂದ ಎದ್ದುಬಿಟ್ಟರು. "ಎಂಥ ದೊಡ್ಡ ಮನಸ್ಸು ಸಾರ್ ನಿಮ್ಮದು! ಎಂಥ ಹೆಂಡತಿ! ಭಾನುವಾರದ ವಿಮರ್ಶೆ ಕಾರ್ಯಕ್ರಮಕ್ಕೆ ಆರು ತಿಂಗಳಿಂದ ಜನ ಹುಡುಕ್ತಿದೀನಿ. ಎಲ್ಲರೂ ಹೊಗಳೋರೇ ಬರ್ತಾರೆ. ನಿಮ್ಮ ಮನೆಯವರೇ ಪ್ರತಿ ವಾರ ಮಾತಾಡ್ಲಿ. ಮೊದಲನೇ ವಾರ ಇದೇ ನಾಟಕ. ಅಚ್ಚಾದ ಕತೆ ಅವರ ಹತ್ರ ಇರತ್ತಲ್ಲ? ಎರಡನ್ನೂ ಹೋಲಿಸಿ ಹೇಳ್ಲಿ. ಸೋಮವಾರ ರೆಕಾರ್ಡಿಂಗ್."

"ಅವಳು ಒಪ್ಪಲ್ಲ ಮೇಡಂ. ಬಹಳ ಸಂಕೋಚದವಳು."

"ಈ ಪತ್ರ ಬರೆದವರಿಗೆ ಸಂಕೋಚವೇ?" ಎಂದು ಆಕೆ ಕರಾರಿನ ಕಾಗದ ಅವರ ಕೈಗಿಟ್ಟರು. ಜೊತೆಗೆ, ಬೇಡ ಬೇಡವೆಂದರೂ ಕೇಳದೆ, ಅವರು ಮೊದಲು ಕೇಳಿದ್ದ ಪ್ರಮಾಣಪತ್ರವನ್ನೂ ಟೈಪು ಮಾಡಿಸಿ ಸೀಲು ಒತ್ತಿದರು: 'ನಾಟಕದ ಪ್ರತಿಯೊಂದು ಮಾತೂ, ಗಿಣಿಯೂ ಸೇರಿದಂತೆ, ಮೂಲ ಕತೆಗಾರರದೇ.'

ಡಿಪೋ ಮುಟ್ಟುವಾಗ ಐದಕ್ಕೆ ಹತ್ತು ನಿಮಿಷ. ಕಾಗದ ಜೇಬಿನಲ್ಲೇ ಇರಲಿ ಎಂದು ಕತೆಗಾರರು ಎಷ್ಟೇ ಪ್ರಯತ್ನಪಟ್ಟರೂ, ಸೀಲು ಅಂಗಿಯ ಹೊರಗೆ ಇಣುಕುತ್ತಿತ್ತು. ಮ್ಯಾನೇಜರ್ ತಾವೇ ಎಳೆದುಕೊಂಡು ಓದಿದರು. ಓದಿ, ಪಟ್ಟಿಯಲ್ಲಿ ವಿಚಾರಣೆಯ ಹೆಸರು ಬರೆದರು.

"ಸಾರ್, ಅವನು ಜೀವಮಾನದಲ್ಲಿ ಒಂದು ಸಾಲು ಬರೆದವನಲ್ಲ!"

"ಅದಕ್ಕೇ," ಎಂದರು ಮ್ಯಾನೇಜರ್. "ಅವನ ಮೇಲೆ ಯಾರೂ ದೂರು ಹೇಳೋ ಹಾಗಿಲ್ಲ."

ಮನೆಗೆ ಬಂದಾಗ ಹೆಂಡತಿ ಇನ್ನೂ ಮೇಜಿನ ಮುಂದೆಯೇ ಇದ್ದಳು. ಕತೆಗಾರರು ಚಪ್ಪಲಿ ಕೂಡ ಬಿಚ್ಚದೆ ಎದುರಿಗೆ ನಿಂತರು.

"ನೀನು... ಆ ಕತೆ ನಕಲು ಮಾಡಿದ್ಯಲ್ಲ, ಆಗ..."

ಆಕೆ ಪೆನ್ನಿನ ಮುಚ್ಚಳ ಹಾಕಿದಳು. "ಗೊತ್ತಾಯ್ತಾ?"

"ಹನ್ನೊಂದು ವರ್ಷ ಯಾಕೆ ಹೇಳ್ಲಿಲ್ಲ?"

"ಮೊದಲು ಗಿಣಿ ಒಂದನ್ನೇ ತೆಗೆಯೋಣ ಅಂದ್ಕೊಂಡೆ ರೀ. ತೆಗೆದ್ರೆ ಇನ್ಸ್‌ಪೆಕ್ಟರಿಗೆ ಕೆಲಸ ಇರ್ಲಿಲ್ಲ. ಅವನನ್ನ ತೆಗೆದ್ರೆ ಕೆಮ್ಮಿಗೆ ಅರ್ಥ ಇರ್ಲಿಲ್ಲ. ಹಂಗೇ ಒಂದೊಂದೇ ಹೋಯ್ತು. ಅಚ್ಚಾಗಿ ಬಂದ ದಿನ, ಈಗ ಬೈತಾರೆ ಅಂತ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ನೀವು ಕೊನೇ ಸಾಲಿನವರೆಗೂ ಓದಿ, ತಲೆ ಎತ್ತಿ, 'ನೋಡಿದ್ಯಾ ಹೆಂಗೆ ಮುಗಿಸಿದೀನಿ? ಹಿಂಗೆ ಬರೆಯೋಕೆ ಗುಂಡಿಗೆ ಬೇಕು' ಅಂದ್ರಿ. ಆಮೇಲೆ ನಾನೇನು ಹೇಳ್ಲಿ?"

ಕತೆಗಾರರು ಎದುರಿನ ಕುರ್ಚಿಯಲ್ಲಿ ಕೂತರು. ಬೈಯಬೇಕೆನಿಸಿತು, ಆದರೆ ಒಳ್ಳೆಯ ಮಾತುಗಳೆಲ್ಲ ಆಕೆಯವೇ ಆಗಿದ್ದವು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಗುರುತು ಸಿಗದೆ ಹೋಯಿತಲ್ಲ ಎಂಬುದು ಚುಚ್ಚಿತು. ಬೇರೆಯವರ ಕೊಡೆಯನ್ನು ಅವರದೇ ಹೌದೋ ಅಲ್ಲವೋ ಎಂದು ಹತ್ತು ಪ್ರಶ್ನೆ ಕೇಳುವ ಮನುಷ್ಯನಿಗೆ ತನ್ನ ಕತೆ ತನ್ನದಲ್ಲವೆಂದು ತಿಳಿದಿರಲಿಲ್ಲ.

ಆಕೆ ಒಲ್ಲೆ ಎನ್ನುವಳೆಂಬ ಒಂದೇ ಆಸೆಯಿಂದ ಕರಾರಿನ ಕಾಗದ ಮುಂದಿಟ್ಟರು. "ನಿನಗೆ ಉತ್ತರಪತ್ರಿಕೆ ಬೇರೆ ಇದೆ. ಆಗಲ್ಲ ಅಂತ ಹೇಳಿಬಿಡ್ಲಾ?"

"ಎಷ್ಟು ನಿಮಿಷ?"

"ಹತ್ತು."

"ಸಾಲಲ್ಲ," ಎಂದಳು ಆಕೆ. ಒಂದು ಖಾಲಿ ಹಾಳೆ ತೆಗೆದು ಗಂಡನ ಮುಂದೆ ಸರಿಸಿದಳು. "ಬೆಳಿಗ್ಗೆಯಿಂದ ಬರೆದು ಬರೆದು ಕೈ ನೋಯ್ತಿದೆ. ನಾನು ಹೇಳ್ತೀನಿ, ನೀವು ಬರ್ಕೊಳಿ. ಓದೋ ಹಾಗೆ ಬರೀರಿ."

"ಅಚ್ಚಾದ ಕೊನೆಯನ್ನ ಯಾರು ಬರೆದಿದ್ದು ಅಂತ ಅವರು ಕೇಳಿದ್ರೆ?"

"ಕೇಳಿದ್ರೆ ಹೇಳ್ತೀನಿ. ಬರೀರಿ. 'ಈ ಕತೆಗಾರರಿಗೆ ಕೇಳುಗರ ಮೇಲೆ ನಂಬಿಕೆ ಇಲ್ಲ, ಬುದ್ಧಿಯೂ ಇಲ್ಲ.'"

ಕತೆಗಾರರು ಬರೆಯತೊಡಗಿದರು. 'ನಂಬಿಕೆ ಇಲ್ಲ' ಎಂಬಲ್ಲಿಯವರೆಗೆ ಪೆನ್ನು ಸರಿಯಾಗಿಯೇ ಹೋಯಿತು. ಮುಂದಿನದನ್ನು, ಆಕೆ ಉತ್ತರಪತ್ರಿಕೆಗೆ ಅಂಕ ಹಾಕುತ್ತಿರುವುದನ್ನು ಓರೆಗಣ್ಣಿನಿಂದ ನೋಡಿಕೊಂಡು, 'ಆದರೆ ಪ್ರತಿಭೆ ಇದೆ' ಎಂದು ಬರೆದರು.

ಆಕೆ ಕೈ ಚಾಚಿ ಹಾಳೆ ಎಳೆದುಕೊಂಡಳು.

"ಹೇಳಿದಷ್ಟು ಬರೀರಿ," ಎಂದು ಅದಕ್ಕೆ ಅಡ್ಡಡ್ಡ ಒಂದು ಕೆಂಪು ಗೆರೆ ಎಳೆದು ಹಿಂದಕ್ಕೆ ಕೊಟ್ಟಳು. "ಬದಲಾಯಿಸಿದ್ರೆ ನಂಗೆ ಗೊತ್ತಾಗತ್ತೆ ರೀ."